ಹೆಪ್ಪುಗಟ್ಟಿದ ಸರೋವರಕ್ಕೆ ಒಂದು ಜನರೇಟರ್

ಸೆಲ್ಕರ್ಕ್, ಮ್ಯಾನಿಟೋಬಾ, ಕೆನಡಾ
8 ಫೆಬ್ರವರಿ 2015

ಮಾನ್ಯ ಪೂವಪ್ಪ ಸಾಲ್ಯಾನರಿಗೆ,

ನಾನು ನೆಲ್ಸನ್ ಕ್ವಾಡ್ರಸ್. ನೀವು ನನ್ನನ್ನು ನೋಡಿದ್ದು ಒಂದೇ ಸಲ, ದುಬೈಯ ದೇರಾದ ನಿಮ್ಮ ಮನೆಯಲ್ಲಿ. ಕೂರಿಸಿ ಚಹಾ ಕೊಟ್ಟಿರಿ, ಬಂದ ವಿಷಯ ಪೂರ್ತಿ ಕೇಳಿಸಿಕೊಂಡಿರಿ, ಆಮೇಲೆ ಆಗುವುದಿಲ್ಲ ಎಂದಿರಿ. ನಿಮ್ಮ ಮಗಳು ಭವ್ಯಶ್ರೀಯೂ ನಾನೂ ಮದುವೆಯಾಗಿ ಬರುವ ಜೂನ್‌ಗೆ ಮೂರು ವರ್ಷ. ಆ ಮಾತು ಎತ್ತುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಫೋನ್ ಮಾಡಿದರೆ ನೀವು ಇಟ್ಟುಬಿಡಬಹುದು. ಕಾಗದವನ್ನು ಅರ್ಧಕ್ಕೆ ಬಿಡುವವರಲ್ಲ ನೀವು ಎಂದು ಅವಳು ಹೇಳಿದ್ದು ನೆನಪಿದೆ. ಅದಕ್ಕೆ ನಿಮ್ಮ ಜನರೇಟರ್ ಅಂಗಡಿಯ ವಿಳಾಸಕ್ಕೆ ಬರೆಯುತ್ತಿದ್ದೇನೆ.

ನನಗೊಂದು ಸಣ್ಣ ಜನರೇಟರ್ ಬೇಕಾಗಿದೆ. ಇಲ್ಲಿ ಚಳಿಗಾಲದಲ್ಲಿ ಸರೋವರ ಪೂರ್ತಿ ಹೆಪ್ಪುಗಟ್ಟುತ್ತದೆ. ಅದರ ಮೇಲೆ ಕಾರು ಓಡಿಸುತ್ತಾರೆ. ಜನ ಮಂಜುಗಡ್ಡೆಗೆ ತೂತು ಕೊರೆದು, ಮೇಲೆ ಸಣ್ಣ ಡೇರೆ ಹಾಕಿ ಕೂತು ಮೀನು ಹಿಡಿಯುತ್ತಾರೆ. ನನ್ನ ಜೊತೆ ಕೆಲಸ ಮಾಡುವ ಮಾರ್ಸೆಲ್ ಎಂಬವರು ಹೋದ ತಿಂಗಳು ನನ್ನನ್ನು ಕರೆದೊಯ್ದರು. ಅವರ ಹಳೆಯ ಜನರೇಟರ್ ನಡುವೆ ನಿಂತುಹೋಯಿತು. ಹೊರಗೆ ಮೈನಸ್ ಇಪ್ಪತ್ತೆಂಟು. ಮರಳಿ ದಡ ಮುಟ್ಟುವಷ್ಟರಲ್ಲಿ ನನ್ನ ಎರಡು ಬೆರಳಿಗೆ ಸ್ಪರ್ಶವೇ ಇರಲಿಲ್ಲ. ಈಗ ಸರಿಯಾಗಿದೆ.

ಇಲ್ಲಿನ ಅಂಗಡಿಯವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಜನರೇಟರ್ ವಿಷಯ ಚೆನ್ನಾಗಿ ಬಲ್ಲವರೆಂದರೆ ನನಗೆ ತಿಳಿದಂತೆ ನೀವೊಬ್ಬರೇ.

ಇತಿ ನಮಸ್ಕಾರಗಳೊಂದಿಗೆ,
ನೆಲ್ಸನ್


ನೈಫ್, ದುಬೈ
4 ಮಾರ್ಚ್ 2015

ಶ್ರೀ ನೆಲ್ಸನ್ ಅವರಿಗೆ,

ನಿಮ್ಮ ಪತ್ರ ತಲುಪಿದೆ. ಜನರೇಟರ್ ಬಗ್ಗೆ ಯಾರು ಕೇಳಿದರೂ ಉತ್ತರ ಕೊಡುವುದು ನನ್ನ ಕೆಲಸ. ಆದ್ದರಿಂದ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಇಲ್ಲಿಂದ ಕೊಂಡು ಕಳಿಸುವ ಯೋಚನೆ ಇದ್ದರೆ ಬಿಡಿ. ನಮ್ಮದು ಇನ್ನೂರಿಪ್ಪತ್ತು ವೋಲ್ಟ್, ನಿಮ್ಮದು ಅದರ ಅರ್ಧ. ಅಲ್ಲಿಯದನ್ನೇ ಕೊಳ್ಳಬೇಕು. ಯಾವುದನ್ನು ಕೊಳ್ಳಬೇಕೆಂದು ಹೇಳುವುದಕ್ಕೆ ಮುಂಚೆ ನನಗೆ ಗೊತ್ತಾಗಬೇಕಾದ್ದು ಕೆಲವಿದೆ. ಅದರಿಂದ ಏನೇನು ನಡೆಸುತ್ತೀರಿ? ದಡದಿಂದ ಎಷ್ಟು ದೂರ ಒಯ್ಯಬೇಕು, ಹೊರುವುದೋ ಎಳೆಯುವುದೋ? ರಾತ್ರಿ ಅಲ್ಲೇ ಇರುತ್ತೀರಾ? ಗಿರಾಕಿಗಳು ಯಾವಾಗಲೂ ದೊಡ್ಡದು ಕೇಳುತ್ತಾರೆ. ದೊಡ್ಡದು ಬೇಕಾಗುವುದು ಹತ್ತರಲ್ಲಿ ಒಬ್ಬನಿಗೆ.

ಇನ್ನೊಂದು. ಇದು ಜನರೇಟರಿಗೆ ಸಂಬಂಧಪಟ್ಟದ್ದಲ್ಲ. ಉದ್ಯಾವರದಲ್ಲಿ ನಮ್ಮದು ಮೀನು ಹಿಡಿಯುವ ಮನೆ. ನನ್ನ ತಂದೆ ರಂಪಣಿ ಬಲೆ ಎಳೆದವರು. ಮಂಜುಗಡ್ಡೆಯ ಕೆಳಗೆ ಸಿಗುವ ಮೀನು ಯಾವುದು? ಅದಕ್ಕೆ ರುಚಿ ಉಂಟೋ?

ಇತಿ,
ಪೂವಪ್ಪ ಸಾಲ್ಯಾನ್


ಸೆಲ್ಕರ್ಕ್
29 ಮಾರ್ಚ್ 2015

ಮಾನ್ಯ ಪೂವಪ್ಪನವರಿಗೆ,

ನಿಮ್ಮ ಉತ್ತರ ಬಂದ ದಿನ ನಾನು ಕೆಲಸಕ್ಕೆ ಅರ್ಧ ಗಂಟೆ ತಡವಾಗಿ ಹೋದೆ.

ನಡೆಸಬೇಕಾದ್ದು ಇಷ್ಟು: ಎರಡು ಎಲ್‌ಇಡಿ ದೀಪ, ಗ್ಯಾಸ್ ಹೀಟರಿನ ಸಣ್ಣ ಫ್ಯಾನ್, ಐಸ್ ಕೊರೆಯುವ ಡ್ರಿಲ್ಲಿನ ಚಾರ್ಜರ್, ಮತ್ತು ನೀರಿನೊಳಗೆ ಮೀನು ಎಲ್ಲಿದೆ ಎಂದು ತೋರಿಸುವ ಒಂದು ಯಂತ್ರ. ಅದನ್ನು ನೋಡಿದರೆ ನಿಮ್ಮ ತಂದೆಯವರು ನಗುತ್ತಿದ್ದರೇನೋ. ದಡದಿಂದ ಒಂದು ಮೈಲಿ ಜಾರುಬಂಡಿಯಲ್ಲಿ ಎಳೆದೊಯ್ಯಬೇಕು. ಬೆಳಗ್ಗೆ ಹೋಗಿ ಸಂಜೆ ಬರುವುದು, ರಾತ್ರಿ ಉಳಿಯುವುದಿಲ್ಲ. ಇಲ್ಲಿ ಒಂದು ಅಂಗಡಿಯಲ್ಲಿ ಮೂರೂವರೆ ಸಾವಿರ ವಾಟ್‌ನ ಜನರೇಟರ್ ಅರ್ಧ ಬೆಲೆಗೆ ಇಟ್ಟಿದ್ದಾರೆ. ಅದನ್ನೇ ತೆಗೆದುಕೊಳ್ಳಲೇ?

ಮೀನಿನ ಹೆಸರು ಪಿಕರೆಲ್. ಬಿಳಿ ಮಾಂಸ, ಮುಳ್ಳು ಕಡಿಮೆ, ನಮ್ಮ ಕಾಣೆ ಮೀನಿಗೆ ಹತ್ತಿರ. ಉಪ್ಪು ನೀರಿನ ಮೀನಿನ ರುಚಿ ಅದಕ್ಕಿಲ್ಲ, ಆದರೆ ಹುಳಿಮೆಣಸು ಹಾಕಿ ಮಾಡಿದರೆ ತಿಳಿಯುವುದಿಲ್ಲ.

ಒಂದು ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಅಬುಧಾಬಿಯಲ್ಲಿರುವ ಭವ್ಯಳ ವೀಸಾದ ಕಾಗದಪತ್ರಗಳು ಅಂತೂ ಮುಂದೆ ಸರಿಯುತ್ತಿವೆ. ಅಕ್ಟೋಬರ್ ಹೊತ್ತಿಗೆ ಅವಳು ಇಲ್ಲಿಗೆ ಬರಬಹುದು. ಮೀನು ಹಿಡಿಯಲು ತಾನೂ ಬರುತ್ತೇನೆ ಎಂದು ಹಟ ಹಿಡಿದಿದ್ದಾಳೆ. ನನ್ನ ಬೆರಳುಗಳಿಗಾದದ್ದು ಅವಳಿಗೆ ಆಗಬಾರದು. ಜನರೇಟರ್ ಬಗ್ಗೆ ಇಷ್ಟು ಕೇಳುತ್ತಿರುವುದು ಅದಕ್ಕೇ.

ಇತಿ,
ನೆಲ್ಸನ್


ನೈಫ್, ದುಬೈ
2 ಮೇ 2015

ಶ್ರೀ ನೆಲ್ಸನ್ ಅವರಿಗೆ,

ಅರ್ಧ ಬೆಲೆಯ ಜನರೇಟರ್ ಬೇಡ. ಅದು ಕಟ್ಟಡದ ಕೆಲಸಕ್ಕೆ ಮಾಡಿದ್ದು. ಇಬ್ಬರು ಹಿಡಿದರೂ ಸೊಂಟ ನೋಯುವಷ್ಟು ಭಾರ. ಸದ್ದಿಗೆ ಪಕ್ಕದವನ ಮಾತು ಕೇಳಿಸದು, ಮೀನು ಇದ್ದರೂ ಓಡೀತು. ಅದರ ಕರೆಂಟು ಏರಿಳಿಯುತ್ತದೆ, ಆ ಮೀನು ತೋರಿಸುವ ಯಂತ್ರ ಕೆಟ್ಟುಹೋಗುತ್ತದೆ. ನಿಮಗೆ ಬೇಕಾದ್ದು ಇನ್ವರ್ಟರ್ ಜನರೇಟರ್. ಮುಚ್ಚಿದ ಪೆಟ್ಟಿಗೆಯಂತೆ ಇರುತ್ತದೆ, ಒಂದೇ ಕೈಯಲ್ಲಿ ಎತ್ತಬಹುದು. ನೀವು ಹೇಳಿದ ಸಾಮಾನಿಗೆ ಸಾವಿರ ವಾಟ್ ಧಾರಾಳ ಸಾಕು.

ಈಗ ಬರೆಯುವುದನ್ನು ಗಮನವಿಟ್ಟು ಓದಿ. ಜನರೇಟರನ್ನು ಡೇರೆಯ ಒಳಗೆ ಇಡಬಾರದು. ಬಾಗಿಲ ಬಳಿಯೂ ಇಡಬಾರದು. ಎಂತಹ ಚಳಿ ಇದ್ದರೂ ಇಡಬಾರದು. ಕೆಲವು ವರ್ಷದ ಹಿಂದೆ ನಮ್ಮಿಂದ ಬಾಡಿಗೆಗೆ ಒಯ್ದ ಜನರೇಟರನ್ನು ಇಬ್ಬರು ಹುಡುಗರು ಮರಳುಗಾಡಿನ ಕ್ಯಾಂಪಿನಲ್ಲಿ ಡೇರೆಯೊಳಗೆ ಇಟ್ಟು ಮಲಗಿದರು. ಹೊರಗೆ ಮರಳು ಗಾಳಿ ಇತ್ತಂತೆ. ಆ ಹೊಗೆಯ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬೆಳಗ್ಗೆ ಅದನ್ನು ಮರಳಿ ತರಲು ಹೋದವನು ನಾನು. ಇವತ್ತಿಗೂ ಯಾರಿಗೆ ಜನರೇಟರ್ ಕೊಟ್ಟರೂ ಈ ಮಾತು ಹೇಳದೆ ಕೊಡುವುದಿಲ್ಲ. ಹೊರಗೆ, ದೂರದಲ್ಲಿ, ಗಾಳಿ ನಿಮ್ಮಿಂದ ಆಚೆ ಬೀಸುವ ಕಡೆ ಇಡಿ. ಒಳಗೆ ವಿಷಗಾಳಿ ಬಂದರೆ ಕೂಗುವ ಅಲಾರಂ ಸಿಗುತ್ತದೆ, ಅದನ್ನೂ ಕೊಂಡುಕೊಳ್ಳಿ. ನೀವಿಬ್ಬರೂ ಇರುವ ಜಾಗ ಅದು.

ಚಳಿಯ ವಿಷಯ ನನಗೆ ಗೊತ್ತಿಲ್ಲ, ಗೊತ್ತಿದೆ ಎಂದು ಸುಳ್ಳು ಹೇಳಲಾರೆ. ಐವತ್ತು ಡಿಗ್ರಿ ಬಿಸಿಲಲ್ಲಿ ಯಾವ ಎಂಜಿನ್ ಏನು ಮಾಡುತ್ತದೆಂದು ಕೇಳಿದರೆ ನಿದ್ದೆಯಲ್ಲೂ ಹೇಳುತ್ತೇನೆ. ಮೈನಸ್ ಇಪ್ಪತ್ತೆಂಟರಲ್ಲಿ ಅದು ಚಾಲೂ ಆಗುವುದೋ ಇಲ್ಲವೋ, ನೋಡದೆ ಹೇಗೆ ಹೇಳಲಿ? ಎಣ್ಣೆ ಗಟ್ಟಿಯಾಗುತ್ತದೆ ಎಂದು ಪುಸ್ತಕದಲ್ಲಿದೆ. ಪುಸ್ತಕದಲ್ಲಿ ಇರುವುದೆಲ್ಲ ನಿಜವಲ್ಲ.

ಇತಿ,
ಪೂವಪ್ಪ ಸಾಲ್ಯಾನ್

ಕಾಣೆಗೆ ಹುಳಿಮೆಣಸು ಮಾಡುವುದಿಲ್ಲ, ರವೆಯಲ್ಲಿ ಹೊರಳಿಸಿ ಕಾಯಿಸಬೇಕು ಎಂದು ನನ್ನ ಹೆಂಡತಿ ಪ್ರಫುಲ್ಲಾ ಹೇಳುತ್ತಾಳೆ. ನಿಮ್ಮ ಪತ್ರ ಅವಳೂ ಓದಿದ್ದಾಳೆ.


ಸೆಲ್ಕರ್ಕ್
7 ಜೂನ್ 2015

ಮಾನ್ಯ ಪೂವಪ್ಪನವರಿಗೆ,

ಆ ಹುಡುಗರ ವಿಷಯ ಮಾರ್ಸೆಲ್‌ಗೆ ಹೇಳಿದೆ. ಅವರೂ ಕಳೆದ ವರ್ಷ ಗಾಳಿ ಜೋರಾಗಿದ್ದಾಗ ಜನರೇಟರನ್ನು ಒಳಗೆ ಎಳೆದುಕೊಂಡಿದ್ದರಂತೆ. ಇಬ್ಬರೂ ಅಂಗಡಿಗೆ ಹೋಗಿ ಅಲಾರಂ ತಂದೆವು. ಅಮ್ಮನವರು ಹೇಳಿದ ಹಾಗೆ ರವೆ ಹಾಕಿ ಕಾಯಿಸಿದೆ. ಅವರ ಮಾತೇ ಸರಿ.

ಚಳಿಯಲ್ಲಿ ನೋಡದೆ ಹೇಳಲಾರೆ ಎಂದಿರಿ. ನನ್ನ ತಾಯಿಯ ತಮ್ಮ ಹ್ಯೂಬರ್ಟ್ ಅಬುಧಾಬಿಯ ಮೀನಾ ಬಂದರಿನಲ್ಲಿ ಮೀನಿನ ಕೋಲ್ಡ್ ಸ್ಟೋರೇಜ್ ನೋಡಿಕೊಳ್ಳುತ್ತಾರೆ. ಅಲ್ಲಿ ಮೈನಸ್ ಇಪ್ಪತ್ತೈದರವರೆಗೆ ಇಳಿಯುವ ಕೋಣೆಗಳಿವೆ. ಈದ್ ರಜೆಯಲ್ಲಿ ಒಂದು ಖಾಲಿ ಇರುತ್ತದಂತೆ. ದುಬೈಯಲ್ಲೂ ಅಂಥವು ಬೇಕಾದಷ್ಟು ಇವೆ ಎಂದು ಗೊತ್ತು. ನಿಮಗೆ ಅನುಕೂಲವಿದ್ದರೆ ಮಾತ್ರ ಅಲ್ಲಿ ಒಂದು ಜನರೇಟರ್ ಇಟ್ಟು ನೋಡಬಹುದು. ಹ್ಯೂಬರ್ಟ್ ಮಾಮನ ನಂಬರ್ ಕೆಳಗೆ ಬರೆದಿದ್ದೇನೆ.

ಇತಿ,
ನೆಲ್ಸನ್


ದೇರಾ, ದುಬೈ
21 ಜುಲೈ 2015

ಪ್ರಿಯ ನೆಲ್ಸನ್,

ಅಂಗಡಿಗೆ ಈದ್ ರಜೆ. ಮನೆಯಿಂದ ಬರೆಯುತ್ತಿದ್ದೇನೆ, ಆದ್ದರಿಂದ ಉದ್ದವಾದೀತು.

ಅಂಗಡಿಯ ಡೆಮೋ ಪೀಸುಗಳು ಎರಡು, ಒಂದೇ ಮಾಡೆಲ್ಲು, ಯಜಮಾನ ಅರ್ಬಾಬನ ಒಪ್ಪಿಗೆ ಪಡೆದು ಕಾರಿನ ಡಿಕ್ಕಿಗೆ ಹಾಕಿದೆ. ಒಂದಕ್ಕೆ ನಾವು ಇಲ್ಲಿ ಹಾಕುವ ದಪ್ಪ ಎಣ್ಣೆ, ಇನ್ನೊಂದಕ್ಕೆ ತೆಳು ಸಿಂಥೆಟಿಕ್ ಎಣ್ಣೆ. ಪೆಟ್ರೋಲು ಖಾಲಿ ಮಾಡಿದ್ದೆ. ಪ್ರಫುಲ್ಲಾ ಬಾಗಿಲಲ್ಲಿ ನಿಂತು ಕೇಳಿದಳು, "ಇಲ್ಲೇ ಅಲ್ ಕೂಝಲ್ಲಿ ನಮ್ಮ ಪರಿಚಯದವರದ್ದೇ ಕೋಲ್ಡ್ ಸ್ಟೋರೇಜ್ ಉಂಟಲ್ಲ, ಅಬುಧಾಬಿಗೆ ಯಾಕೆ?" ನಾನು ಡಿಕ್ಕಿ ಮುಚ್ಚಿದೆ. ಅವಳು ಒಳಗೆ ಹೋಗಿ ಸೀರೆ ಬದಲಿಸಿ ಬಂದು ಕಾರಿನಲ್ಲಿ ಕೂತಳು. ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ ಇತ್ತು. ಅದರಲ್ಲಿ ಏನು ಎಂದು ನಾನೂ ಕೇಳಲಿಲ್ಲ.

ನಿಮ್ಮ ಮಾಮ ಒಳ್ಳೆಯ ಮನುಷ್ಯ. ಖಾಲಿ ಕೋಣೆಯಲ್ಲಿ ಎರಡನ್ನೂ ಇಟ್ಟೆವು. ಒಂದು ರಾತ್ರಿ ಪೂರ್ತಿ ಅವು ಅಲ್ಲೇ ಇರಬೇಕಿತ್ತು. ನಾವು ಪರಿಚಯದವರ ಮನೆಯಲ್ಲಿ ಉಳಿದೆವು. ಮರುದಿನ ಬೆಳಗ್ಗೆ ಹೋಗಿ, ಹ್ಯೂಬರ್ಟ್ ಕೊಟ್ಟ ದಪ್ಪ ಜಾಕೆಟ್ ಹಾಕಿ ಒಳಗೆ ಹೊಕ್ಕೆ. ನೆಲ್ಸನ್, ಆ ಚಳಿ ಏನೆಂದು ಅಲ್ಲಿಯವರೆಗೆ ನನಗೆ ತಿಳಿದಿರಲಿಲ್ಲ. ಮೂಗಿನ ಒಳಗೆ ಸೂಜಿ ಚುಚ್ಚಿದ ಹಾಗೆ. ಮೊದಲು ನನ್ನ ಮನಸ್ಸಿಗೆ ಬಂದದ್ದು ಜನರೇಟರ್ ಅಲ್ಲ. ಈ ಹುಡುಗ ಇದರಲ್ಲಿ ಎರಡು ಚಳಿಗಾಲ ಒಬ್ಬನೇ ಕಳೆದಿದ್ದಾನೆ ಎಂಬುದು.

ಒಳಗೆ ಚಾಲೂ ಮಾಡುವಂತಿಲ್ಲ. ಸಾಮಾನು ಇಳಿಸುವ ಕಟ್ಟೆಗೆ ತಂದು ಪೆಟ್ರೋಲು ಹೊಯ್ದೆ. ಹೊರಗಿನ ಬಿಸಿಗೆ ಎರಡರ ಮೈಮೇಲೂ ಬಿಳಿ ಹಿಮ ಹಿಡಿಯಿತು. ದಪ್ಪ ಎಣ್ಣೆಯದರ ಹಗ್ಗ ಎಳೆದೆ. ಬೆಲ್ಲದ ಪಾಕದಲ್ಲಿ ಸೌಟು ಆಡಿಸಿದ ಹಾಗೆ, ಹಗ್ಗ ಬರಲೇ ಇಲ್ಲ. ಹ್ಯೂಬರ್ಟ್ ಎಳೆದರು, ಅವರಿಗೂ ಬರಲಿಲ್ಲ. "ಇದು ಖಲಾಸ್" ಎಂದರು. ಇನ್ನೊಂದರ ಕಡೆ ತಿರುಗುವಾಗ ಹಿಂದಿನಿಂದ "ಅಪ್ಪ" ಎಂದು ಕೇಳಿಸಿತು.

ಅವಳು ಬರುತ್ತಾಳೆಂದು ನನಗೆ ಯಾರೂ ಹೇಳಿರಲಿಲ್ಲ. ಬರಲಾರಳು ಎಂದೂ ಅಂದುಕೊಂಡಿರಲಿಲ್ಲ. ಪ್ರಫುಲ್ಲಾ ಅವಳ ಪಕ್ಕದಲ್ಲಿ ಡಬ್ಬಿ ಹಿಡಿದು ನಿಂತಿದ್ದಳು. ಮಗಳು ತೆಳ್ಳಗಾಗಿದ್ದಾಳೆ. ಕನ್ನಡಕ ಬಂದಿದೆ. ಅದು ನನಗೆ ಗೊತ್ತಿರಲಿಲ್ಲ. ಮೂರು ವರ್ಷದಲ್ಲಿ ನಾನು ಹೇಳಬೇಕೆಂದು ಕೂಡಿಟ್ಟುಕೊಂಡದ್ದು ಬಹಳ ಇತ್ತು, ಸಿಟ್ಟಿನ ಮಾತೂ ಇತ್ತು. ಬಾಯಿಗೆ ಬಂದದ್ದು ಬೇರೆ.

"ಬಾ, ಈ ಹಗ್ಗ ಎಳೆ" ಎಂದೆ.

"ನಾನಾ?"

"ನೀನೇ. ಅವನಿಗೆ ಅಲ್ಲಿ ಎಂತಾದರೂ ಆದರೆ ಚಾಲೂ ಮಾಡುವುದು ಯಾರು? ಚೋಕ್ ಇಲ್ಲಿ ಉಂಟು. ಮೊದಲು ಮೆಲ್ಲ ಎಳೆ, ಹಗ್ಗ ಬಿಗಿಯುವವರೆಗೆ. ಆಮೇಲೆ ಒಂದೇ ಸಲಕ್ಕೆ."

ಚಪ್ಪಲಿ ಬದಿಗಿಟ್ಟು ದುಪಟ್ಟಾ ಸೊಂಟಕ್ಕೆ ಕಟ್ಟಿದಳು. ಮೊದಲ ಸಲ ಆಗಲಿಲ್ಲ. ಎರಡನೆಯ ಸಲ ಕೆಮ್ಮಿತು. "ಕೈ ಬಿಡಬೇಡ, ಪುನಃ ಎಳೆ" ಎಂದೆ. ಮೂರನೆಯದಕ್ಕೆ ಹತ್ತಿಕೊಂಡಿತು. ಸಣ್ಣ ಸದ್ದು, ಹೊಲಿಗೆ ಮಿಷನ್ನಿನ ಹಾಗೆ. ಅವಳು ಹಗ್ಗ ಹಿಡಿದುಕೊಂಡೇ ನಿಂತಿದ್ದಳು, ಅಳುತ್ತಿದ್ದಳು. ನಾನು ಚೋಕ್ ಒಳಗೆ ತಳ್ಳಿದೆ. ಅದನ್ನು ಯಾರಾದರೂ ಮಾಡಲೇಬೇಕಿತ್ತು.

ಹ್ಯೂಬರ್ಟ್ ಒಂದು ಅಂಜಲ್ ಮೀನು ಕೊಟ್ಟರು. ಹಮ್ದಾನ್ ಸ್ಟ್ರೀಟಿನ ಅವಳ ರೂಮಿಗೆ ಹೋಗಿ ಊಟ ಮಾಡಿದೆವು. ರೂಮ್ ಎಂದರೆ ರೂಮ್ ಅಲ್ಲ, ಹಾಲ್‌ನ ಒಂದು ಮೂಲೆ. ಗೋಡೆಯಲ್ಲಿ ನಿಮ್ಮ ಫೋಟೋ ಇದೆ, ತಲೆಯಿಂದ ಕಾಲಿನವರೆಗೆ ಬಟ್ಟೆ, ಕಣ್ಣು ಮಾತ್ರ ಕಾಣುತ್ತದೆ. ಪ್ರಫುಲ್ಲಾಳ ಡಬ್ಬಿಯಲ್ಲಿ ಇದ್ದದ್ದು ಕೊಟ್ಟೆ ಕಡುಬು. ಉಣ್ಣುವಾಗ ಸಾವಿರ ವಾಟ್ ಸಾಕು ಎಂದು ನಾನು ವಿವರಿಸುತ್ತಿದ್ದೆ. ಮಗಳು ಕೇಳಿದಳು, "ಅದರಲ್ಲಿ ಚಹಾದ ಕೆಟಲ್ ನಡೀತದಾ?" ನಡೆಯುವುದಿಲ್ಲ, ಗ್ಯಾಸಿನಲ್ಲಿ ಮಾಡಿಕೊಳ್ಳಬೇಕು ಎಂದೆ. "ಡೇರೆಯೊಳಗೆ ಮತ್ತೊಂದು ಬೆಂಕಿಯಾ?" ಎಂದು ಅವಳ ತಾಯಿ ಕೇಳಿದಳು.

ಆದ್ದರಿಂದ ನನ್ನ ಮೊದಲಿನ ಮಾತು ತಿದ್ದಿಕೊಳ್ಳುತ್ತೇನೆ. ಎರಡು ಸಾವಿರ ವಾಟ್‌ನ ಇನ್ವರ್ಟರ್ ತೆಗೆದುಕೊಳ್ಳಿ, ಅದರಲ್ಲಿ ಕೆಟಲ್ಲೂ ನಡೆಯುತ್ತದೆ. ಸ್ವಲ್ಪ ಭಾರ ಹೌದು, ಜಾರುಬಂಡಿಯಲ್ಲಿ ಎಳೆಯುವುದಕ್ಕೆ ಅಡ್ಡಿಯಿಲ್ಲ. ಎಣ್ಣೆ ತೆಳುವಾದದ್ದೇ ಹಾಕಿ. ಎಂಜಿನ್ನಿನ ಉಸಿರುಕೊಳವೆಯಲ್ಲಿ ಹಬೆ ಹೆಪ್ಪುಗಟ್ಟಿದರೆ ಒತ್ತಡ ತುಂಬಿ ಎಣ್ಣೆಯೆಲ್ಲ ಹೊರಗೆ ಕಕ್ಕುತ್ತದೆ ಎಂದು ಹ್ಯೂಬರ್ಟ್ ಹೇಳಿದರು. ಅದನ್ನು ಬೆಚ್ಚಗೆ ಸುತ್ತಿಡಿ. ಐಸಿನ ಮೇಲೆ ನೇರ ಇಡದೆ ಹಲಗೆಯ ಮೇಲೆ ಇಡಿ.

ನಿಮ್ಮ,
ಪೂವಪ್ಪ


ಸೆಲ್ಕರ್ಕ್
16 ಆಗಸ್ಟ್ 2015

ಪ್ರೀತಿಯ ಮಾವನವರಿಗೆ,

ಹಾಗೆ ಬರೆಯಬಹುದು ಎಂದುಕೊಂಡಿದ್ದೇನೆ. ತಪ್ಪಾದರೆ ತಿಳಿಸಿ, ಮೊದಲಿನಂತೆ ಬರೆಯುತ್ತೇನೆ.

ಎರಡು ಸಾವಿರ ವಾಟ್‌ನದ್ದು ಕೊಂಡೆ. ಅಂಗಡಿಯವನು ದೊಡ್ಡದರ ಕಡೆ ಎಳೆದ. ಎಣ್ಣೆ, ಉಸಿರುಕೊಳವೆ, ಕೆಟಲ್ಲಿನ ವಾಟ್ ಎಲ್ಲ ನಾನೇ ಹೇಳಿದೆ. ಇಷ್ಟೆಲ್ಲ ಗೊತ್ತಿದ್ದವರು ನನ್ನನ್ನು ಯಾಕೆ ಕೇಳುತ್ತೀರಿ ಎಂದ. ಈಗ ಇಲ್ಲಿ ಬೇಸಿಗೆ. ನನ್ನ ಅಡುಗೆಮನೆಯಲ್ಲಿ ಅದು ಮೇಜಿನ ಕೆಳಗೆ ಇದೆ. ಊಟ ಮಾಡುವಾಗ ಕಾಲು ತಾಗುತ್ತದೆ.

ನೀವು ಬರೆದ ಪತ್ರವನ್ನು ಎರಡು ಸಲ ಓದಿದೆ. ಭವ್ಯ ಆ ದಿನವೇ ಫೋನ್ ಮಾಡಿ ಬಹಳ ಹೊತ್ತು ಮಾತಾಡಿದಳು, ಬರೀ ಹಗ್ಗ ಎಳೆದ ವಿಷಯ.

ಅತ್ತೆಯವರಿಗೆ ನಮಸ್ಕಾರ ತಿಳಿಸಿ.

ನಿಮ್ಮ,
ನೆಲ್ಸನ್


ದೇರಾ, ದುಬೈ
25 ಅಕ್ಟೋಬರ್ 2015

ಪ್ರಿಯ ನೆಲ್ಸನ್,

ನೀನು ಎಂದು ಬರೆಯುತ್ತೇನೆ. ಅಳಿಯನನ್ನು ನೀವು ಎನ್ನುವ ಮನೆಗಳೂ ಇವೆ. ನನಗೆ ಅದು ಗಿರಾಕಿಯೊಡನೆ ಮಾತಾಡಿದ ಹಾಗೆ ಆಗುತ್ತದೆ.

ಅವಳನ್ನು ನಿನ್ನೆ ವಿಮಾನ ಹತ್ತಿಸಿ ಬಂದೆವು. ಈ ಪತ್ರಕ್ಕೆ ಮುಂಚೆ ಅವಳೇ ನಿನ್ನ ಎದುರು ಇರುತ್ತಾಳೆ. ಕಡೆಯ ಎರಡು ವಾರ ನಮ್ಮ ಮನೆಯಲ್ಲಿದ್ದಳು. ಪ್ರಫುಲ್ಲಾ ಸೂಟ್‌ಕೇಸಿಗೆ ಕುಚ್ಚಲಕ್ಕಿ ತುಂಬುವುದು, ನಾನು ತೂಕ ನೋಡಿ ತೆಗೆಯುವುದು, ಅವಳು ಪುನಃ ತುಂಬುವುದು, ಹೀಗೆ ನಡೆಯಿತು. ಕೊನೆಗೆ ನನ್ನ ಕೈಯಲ್ಲಿ ಆಗಲಿಲ್ಲ. ಅಕ್ಕಿ ಬಂದಿದೆ.

ಏರ್‌ಪೋರ್ಟಿನಲ್ಲಿ ಅಪ್ಪ ಮಗಳಿಗೆ ಏನಾದರೂ ಹೇಳುತ್ತಾನೆ. ಸುತ್ತಮುತ್ತ ಎಲ್ಲರೂ ಹೇಳುತ್ತಿದ್ದರು. ನಾನು, "ಮೊದಲ ಇಪ್ಪತ್ತು ಗಂಟೆ ಓಡಿದ ಮೇಲೆ ಎಣ್ಣೆ ಬದಲಿಸಲು ಅವನಿಗೆ ಹೇಳು" ಎಂದೆ. ಅವಳು "ಹೇಳುತ್ತೇನೆ ಅಪ್ಪ" ಎಂದಳು. ಒಳಗೆ ಹೋಗುವ ಮುಂಚೆ ಮರಳಿ ಬಂದು ನನ್ನ ಅಂಗಿಯ ಕಾಲರ್ ಸರಿಮಾಡಿದಳು. ಅದು ಸರಿಯಾಗಿಯೇ ಇತ್ತು.

ಅವಳಿಗೆ ಚಳಿ ಆಗುವುದಿಲ್ಲ ಎನ್ನುತ್ತಾಳೆ. ನಂಬಬೇಡ.

ನಿನ್ನ ಮಾವ,
ಪೂವಪ್ಪ


ಸೆಲ್ಕರ್ಕ್
18 ಜನವರಿ 2016

ಪ್ರೀತಿಯ ಅಪ್ಪ, ಅಮ್ಮ,

ವಾರ ವಾರ ಫೋನಿನಲ್ಲಿ ಮಾತಾಡುತ್ತೇವೆ, ಆದರೂ ಇದನ್ನು ಬರೆಯಬೇಕು ಅನ್ನಿಸಿತು. ಅಪ್ಪನ ಮತ್ತು ನೆಲ್ಸನ್‌ನ ಪತ್ರಗಳ ನಡುವೆ ನನ್ನದೂ ಒಂದಿರಲಿ.

ಶನಿವಾರ ಸರೋವರಕ್ಕೆ ಹೋದೆವು. ಎಲ್ಲಿ ನೋಡಿದರೂ ಬಿಳಿ, ಅದರ ಮೇಲೆ ನೀಲಿ ಕೆಂಪು ಡೇರೆಗಳು, ಯಾರೋ ಆಟಿಕೆ ಚೆಲ್ಲಿದ ಹಾಗೆ. ಜನರೇಟರನ್ನು ಗಾಳಿಯ ಆಚೆ ಬದಿಗೆ, ದೂರದಲ್ಲಿ, ಹಲಗೆಯ ಮೇಲೆ ಇಟ್ಟೆವು. ನೆಲ್ಸನ್ ಕೈಗವಸು ತೆಗೆಯುವ ಮುಂಚೆ ನಾನೇ ಹಗ್ಗ ಎಳೆದೆ. ಎರಡನೆಯದಕ್ಕೆ ಹತ್ತಿತು.

ಮಧ್ಯಾಹ್ನ ಗಾಳಿ ಎದ್ದು ಹಿಮ ಹಾರತೊಡಗಿತು. ಹತ್ತು ಹೆಜ್ಜೆ ಆಚೆ ಏನೂ ಕಾಣುವುದಿಲ್ಲ. ಪಕ್ಕದ ಡೇರೆಯಿಂದ ಇಬ್ಬರು ಮುದುಕರು, ಗಂಡ ಹೆಂಡತಿ, ನಮ್ಮ ದೀಪ ನೋಡಿಕೊಂಡು ತಡವರಿಸುತ್ತ ಬಂದರು. ಅವರ ಹೀಟರ್ ನಿಂತುಹೋಗಿತ್ತು. ಆಕೆಯ ತುಟಿ ನೀಲಿಗಟ್ಟಿತ್ತು. ಒಳಗೆ ಕೂರಿಸಿ, ಕೆಟಲ್ ಹಚ್ಚಿ, ಶುಂಠಿ ಚಹಾ ಕೊಟ್ಟೆ. ಗಾಳಿ ನಿಲ್ಲುವವರೆಗೆ ನಾಲ್ವರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದೆವು. ನನಗೆ ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳು. ಆದರೆ ಹೊರಗೆ ಜನರೇಟರ್ ಓಡುತ್ತಿರುವುದು ಕೇಳಿಸುತ್ತಿತ್ತು, ಹೊಟ್ಟೆಯಲ್ಲಿ ಬಿಸಿ ಚಹಾ ಇತ್ತು. ಆ ಮುದುಕಿ ನನ್ನ ಕೈ ಹಿಡಿದುಕೊಂಡೇ ಇದ್ದಳು.

ಗಾಳಿ ನಿಂತ ಮೇಲೆ ನೆಲ್ಸನ್‌ಗೆ ಒಂದು ಪಿಕರೆಲ್ ಸಿಕ್ಕಿತು, ತೋಳಿನಷ್ಟು ಉದ್ದ. ಆ ಮುದುಕರೇ ನಮ್ಮ ಫೋಟೋ ತೆಗೆದರು. ಪ್ರಿಂಟ್ ಹಾಕಿಸಿ ಇದರ ಜೊತೆ ಇಟ್ಟಿದ್ದೇನೆ. ನನ್ನ ಮೂಗು ಕೆಂಪಾದದ್ದಕ್ಕೆ ನಗಬೇಡಿ.

ನಿಮ್ಮ,
ಭವ್ಯ


ದೇರಾ, ದುಬೈ
14 ಫೆಬ್ರವರಿ 2016

ಪ್ರೀತಿಯ ಭವ್ಯ, ನೆಲ್ಸನ್,

ಪತ್ರ ಓದಿ ನಿಮ್ಮ ಅಮ್ಮ ದೇವರ ಮುಂದೆ ದೀಪ ಹಚ್ಚಿದಳು. ಆ ಮುದುಕಿ ಈಗ ಹೇಗಿದ್ದಾಳೆ, ವಿಚಾರಿಸಿ ಬರೆಯಿರಿ.

ಮೊನ್ನೆ ಶುಕ್ರವಾರ ನಮ್ಮ ಊರಿನವರ ವಾರ್ಷಿಕ ಕೂಟವಿತ್ತು. ಮೂರು ವರ್ಷದಿಂದ ಅದಕ್ಕೆ ಹೋದರೂ ನಾನು ಊಟದ ಹೊತ್ತಿಗೆ ಹೋಗಿ ಊಟ ಮುಗಿದೊಡನೆ ಬರುತ್ತಿದ್ದೆ. ಮಗಳು ಏನು ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಕೆಲಸದಲ್ಲಿದ್ದಾಳೆ ಎಂದಷ್ಟೇ ಹೇಳುತ್ತಿದ್ದೆ. ಈ ಸಲ ಬೆಳಗ್ಗೆಯೇ ಹೋದೆ. ಫೋಟೋ ಜೇಬಿನಲ್ಲಿ ಇತ್ತು. ಚಹಾ ಕುಡಿಯುವಾಗ ಮೇಜಿನ ಮೇಲಿಟ್ಟೆ. ಮೀನು ನೋಡಿ ಎಲ್ಲರೂ ಸೇರಿದರು. ನಮ್ಮವರು ಮೊದಲು ನೋಡುವುದು ಮೀನನ್ನೇ.

ಉದ್ಯಾವರದ ಹಿರಿಯರೊಬ್ಬರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

"ಇದು ಯಾರು ಪೂವಪ್ಪ, ಮೀನು ಹಿಡಿದವನು?"

"ನನ್ನ ಅಳಿಯ. ನೆಲ್ಸನ್."

ಅವರು ಫೋಟೋದಿಂದ ಕಣ್ಣೆತ್ತಿ ನನ್ನನ್ನು ನೋಡಿದರು.

"ನೆಲ್ಸನ್ ಅಂದರೆ ಕ್ರಿಶ್ಚಿಯನ್ನರ ಹೆಸರು, ನಮ್ಮವನಲ್ಲ ಅಲ್ಲವಾ?"

"ನಮ್ಮವನೇ" ಎಂದೆ.

ಅವರು ಇನ್ನೊಮ್ಮೆ ಫೋಟೋ ನೋಡಿ, ಬಲೆ ಇಲ್ಲದೆ ಇಷ್ಟು ದೊಡ್ಡದು ಹಿಡಿದನಾ ಎಂದು ಕೇಳಿದರು. ನಾನು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, ಐಸಿಗೆ ತೂತು ಕೊರೆಯುವಲ್ಲಿಂದ ಶುರು ಮಾಡಿದೆ.

ನಿಮ್ಮ,
ಅಪ್ಪ